ಸಾಸ್ಕಟೂನ್ ಪಕ್ಕ 160 ಎಕರೆ: ಮಣ್ಣಿಗೆಷ್ಟು, ಊರಿನ ಆಸೆಗೆಷ್ಟು?

ಪ್ರಶ್ನೆ: ನಾನು ಕೆನಡಾದ ಸಾಸ್ಕಟೂನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ಪಿಆರ್ ಅಂದ್ರೆ ಕಾಯಂ ವಾಸದ ಹಕ್ಕು ಸಿಕ್ಕಿ ಮೂರು ವರ್ಷ ಆಯ್ತು. ಮಾರ್ಟೆನ್ಸ್‌ವಿಲ್ ಊರಿಂದ ವಾಯವ್ಯಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ 160 ಎಕರೆ ಹೊಲ ಮಾರಾಟಕ್ಕಿದೆ, ಎಕರೆಗೆ 6,000 ಡಾಲರ್ ಹೇಳ್ತಿದ್ದಾರೆ. ಈಗ ಒಬ್ಬ ರೈತ ಗುತ್ತಿಗೆ ಮಾಡ್ತಿದ್ದಾನೆ, 130 ಎಕರೆ ಸಾಗುವಳಿಗೆ ಎಕರೆಗೆ 90 ಡಾಲರ್ ಕೊಡ್ತಾನೆ. ಏಜೆಂಟ್ ಹೇಳೋ ಪ್ರಕಾರ ಐದಾರು ವರ್ಷದಲ್ಲಿ ಸಿಟಿ ಅಲ್ಲಿಗೆ ಬರತ್ತೆ. ದಾವಣಗೆರೆಯಲ್ಲಿ ಅಪ್ಪ ಒಂದು ಸೈಟ್ ಮಾರಿ ದುಡ್ಡು ಕಳಿಸ್ತೀನಿ ಅಂತಿದ್ದಾರೆ, ಇಲ್ಲೇ ವರ್ಕ್ ಪರ್ಮಿಟ್‌ನಲ್ಲಿರೋ ಭಾವಮೈದ ಅರ್ಧ ಪಾಲು ಹಾಕ್ತಾನಂತೆ. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಬರೋ ಮುಂಚೆ ತಗೊಂಡೋರು ಏನಾದ್ರು ಅಂತ ನಿಮಗೂ ಗೊತ್ತಲ್ಲ. ತಗೋಬಹುದಾ?

ಉತ್ತರ: ನಿಮ್ಮ ಪ್ರಶ್ನೆಯ ಕೊನೇ ಸಾಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನನ್ನ ಹತ್ರ ಬರೋ ಕನ್ನಡದೋರಲ್ಲಿ ಹತ್ತಕ್ಕೆ ಎಂಟು ಜನ ದೇವನಹಳ್ಳಿ ಹೆಸರು ತೆಗೀತಾರೆ, ಉಳಿದಿಬ್ರು ಸರ್ಜಾಪುರ ಅಂತಾರೆ. ನಾನು ಹುಟ್ಟಿ ಬೆಳೆದಿದ್ದು ಹಿರಿಯೂರು ಕಡೆ, ಅಪ್ಪ ಶೇಂಗಾ ಬೆಳೀತಿದ್ರು. ಇಲ್ಲಿ ಬಂದ್ಮೇಲೆ ಹದಿನೇಳು ವರ್ಷದಿಂದ ಹೊಲಗಳಿಗೆ ಬೆಲೆ ಕಟ್ಟೋದೇ ನನ್ನ ಹೊಟ್ಟೆಪಾಡು. ಎರಡೂ ಕಡೆ ಮಣ್ಣು ತುಳಿದಿರೋನಾಗಿ ಹೇಳ್ತೀನಿ, ದೇವನಹಳ್ಳಿ ಲೆಕ್ಕ ಇಲ್ಲಿ ನಡೆಯಲ್ಲ, ಯಾಕೆ ನಡೆಯಲ್ಲ ಅನ್ನೋದನ್ನ ಒಂದು ಪೇಪರ್ ಪೆನ್ನು ತಗೊಂಡು ನೀವೇ ಮಾಡಿ ನೋಡಬಹುದು.

ಸಾಸ್ಕಟೂನ್ ಊರ ನಡುವಿಂದ 20 ಕಿ.ಮೀ.ಗೆ ಒಂದು ಸುತ್ತು ಎಳೀರಿ, 25 ಕಿ.ಮೀ.ಗೆ ಇನ್ನೊಂದು. ನಿಮ್ಮ ಹೊಲ ಹೆಚ್ಚುಕಮ್ಮಿ ಆ ಎರಡು ಸುತ್ತಿನ ನಡುವೆ ಅಥವಾ ಅದರಿಂದ ಸ್ವಲ್ಪ ಆಚೆ ಬೀಳತ್ತೆ. ಆ ಬಳೆಯ ವಿಸ್ತೀರ್ಣ ಸುಮಾರು 707 ಚದರ ಕಿ.ಮೀ. ಇಲ್ಲಿ ಜಮೀನು ಅಳೆಯೋದು ಸೆಕ್ಷನ್ ಲೆಕ್ಕದಲ್ಲಿ, ಒಂದು ಮೈಲಿ ಉದ್ದ ಒಂದು ಮೈಲಿ ಅಗಲ, 640 ಎಕರೆ, ಅದರ ಕಾಲು ಭಾಗ ಅಂದ್ರೆ 160 ಎಕರೆಗೆ ಕ್ವಾರ್ಟರ್ ಅಂತಾರೆ. ಹಾಗೆ ನೋಡಿದ್ರೆ ಆ ಬಳೆಯಲ್ಲಿ ಸಾವಿರದ ತೊಂಬತ್ತು ಕ್ವಾರ್ಟರ್ ಇವೆ. ಈಗಿನ ಹೊಸ ಬಡಾವಣೆ ಥರ ಕಟ್ಟಿದ್ರೆ ಒಂದು ಕ್ವಾರ್ಟರ್‌ನಲ್ಲಿ ಸಾವಿರ ಮನೆ, ಎರಡೂವರೆ ಸಾವಿರ ಜನ ಅಂತ ಇಟ್ಕೊಳ್ಳಿ. ಆ ಬಳೆ ಒಂದೇ ತುಂಬಬೇಕು ಅಂದ್ರೆ 27 ಲಕ್ಷ ಜನ ಬೇಕು. 2021ರ ಜನಗಣತಿಯಲ್ಲಿ ಸಾಸ್ಕಟೂನ್ ಜನಸಂಖ್ಯೆ 2,66,141, ಇಡೀ ಸಾಸ್ಕಾಚವಾನ್ ಪ್ರಾಂತ್ಯದ್ದೇ 11 ಲಕ್ಷ ಚಿಲ್ಲರೆ. ಇನ್ನೂ 20 ಕಿ.ಮೀ. ಒಳಗಡೆನೇ ಖಾಲಿ ಹೊಲ ಎಷ್ಟಿದೆ ಅಂತ ನಾನು ಲೆಕ್ಕಕ್ಕೇ ತಗೊಂಡಿಲ್ಲ.

ಹಾಗಂತ ಊರು ಬೆಳೀತಿಲ್ಲ ಅಂತಲ್ಲ. ಮಾರ್ಟೆನ್ಸ್‌ವಿಲ್ 2009ರಲ್ಲಿ, ಅದರ ಪಕ್ಕದ ವಾರ್ಮನ್ 2012ರಲ್ಲಿ ಸಿಟಿ ಅನ್ನಿಸ್ಕೊಂಡ್ವು, ನಾನು ಬಂದಾಗ ಎರಡೂ ನಮ್ಮ ಹೋಬಳಿ ಕೇಂದ್ರದಷ್ಟು ಇದ್ವು, ಈಗ ನೋಡಿದ್ರೆ ಗುರುತೇ ಸಿಗಲ್ಲ. ಆದ್ರೆ ಬೆಳೆಯೋ ಊರು ನಿಮ್ಮ ಕ್ವಾರ್ಟರ್ ಕಡೆಗೇ ಬರಬೇಕಲ್ಲ, ಅದು ಬೇರೆ ಮಾತು. ಬೆಂಗಳೂರಲ್ಲಿ ಕೆರೆ ಇದೆ, ಬೆಟ್ಟ ಇದೆ, ಒಂದೂವರೆ ಎಕರೆಗೆ ಐದು ಜನ ಅಣ್ಣತಮ್ಮಂದಿರ ಪಾಲು ಇದೆ, ಹಾಗಾಗಿ ಕ್ಲಿಯರ್ ಟೈಟಲ್ ಇರೋ ಜಮೀನಿಗೆ ಚಿನ್ನದ ಬೆಲೆ. ಇಲ್ಲಿ ನಾಲ್ಕು ದಿಕ್ಕಿಗೂ ತಟ್ಟೆ ಥರ ನೆಲ, ಎಲ್ಲಾದಕ್ಕೂ ಕ್ಲಿಯರ್ ಟೈಟಲ್, ಊರು ಯಾವ ಕಡೆ ಬೇಕಾದ್ರೂ ಹೊರಳಬಹುದು.

ಈಗ ಬೆಲೆಗೆ ಬರೋಣ. ಯಾವ ಹೊಲ ನೋಡಿದ್ರೂ ನಾನು ಮೊದಲು ಕೇಳೋದು ಗುತ್ತಿಗೆ ಎಷ್ಟು ಬರತ್ತೆ ಅಂತ. ನಿಮ್ಮ ಹೊಲದ್ದು 130 ಎಕರೆಗೆ 90ರಂತೆ 11,700 ಡಾಲರ್. ಕೆನಡಾದಲ್ಲಿ ಈಚಿನ ವರ್ಷಗಳಲ್ಲಿ ಹೊಲದ ಬೆಲೆಗೆ ಗುತ್ತಿಗೆ ಸುಮಾರು ಎರಡೂವರೆ ಪರ್ಸೆಂಟ್ ಸುತ್ತಮುತ್ತ ಓಡಾಡ್ತಿದೆ. ಆ ಲೆಕ್ಕದಲ್ಲಿ 11,700 ಕೊಡೋ ಹೊಲದ ಬೆಲೆ 4,68,000 ಡಾಲರ್. ನಿಮಗೆ ಹೇಳ್ತಿರೋದು 9,60,000. ಅಂದ್ರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ದುಡ್ಡು ಮಣ್ಣಿಗೆ, ಉಳಿದ 4,92,000 ಊರು ಬರತ್ತೆ ಅನ್ನೋ ಆಸೆಗೆ. ಏಜೆಂಟ್ ಈ ಎರಡನ್ನ ಬೇರೆ ಮಾಡಿ ಹೇಳಲ್ಲ, ಹೇಳೋದು ಅವನ ಕೆಲಸಾನೂ ಅಲ್ಲ ಬಿಡಿ. ನಾನು ಮಣ್ಣಿನ ಅರ್ಧದ ಬಗ್ಗೆ ಹೆಚ್ಚು ತಲೆಕೆಡಿಸ್ಕೊಳಲ್ಲ, ಅದಕ್ಕೆ ನಾಳೆ ಬೆಳಿಗ್ಗೆ ಪಕ್ಕದ ರೈತನೇ ಗಿರಾಕಿ. ಆಸೆಯ ಅರ್ಧಕ್ಕೆ ಗಿರಾಕಿ ಯಾರು ಅಂತ ಕೇಳ್ಕೊಳ್ಳಿ.

ಬಡ್ಡಿನೂ ನೋಡಿ. ನೀವು 30 ಪರ್ಸೆಂಟ್ ಕೈಯಿಂದ ಹಾಕಿ 6,72,000 ಸಾಲ ಮಾಡಿದ್ರೆ, ಐದೂವರೆ ಪರ್ಸೆಂಟ್ ಅಂದ್ರೂ ವರ್ಷಕ್ಕೆ ಬಡ್ಡಿನೇ 36,960. ಗುತ್ತಿಗೆಯಲ್ಲಿ ಸಾವಿರದಿನ್ನೂರು ತೆರಿಗೆಗೆ ಹೋದ್ರೆ ಉಳಿಯೋದು ಹತ್ತೂವರೆ ಸಾವಿರ. ವರ್ಷಕ್ಕೆ 26 ಸಾವಿರ ಚಿಲ್ಲರೆ ನಿಮ್ಮ ಸಂಬಳದಿಂದ ಹೊಲಕ್ಕೆ ಸುರೀಬೇಕು, ಅಸಲು ಇನ್ನೂ ಮುಟ್ಟಿಲ್ಲ. ಐದಾರು ವರ್ಷ ಆದ್ರೆ ಸುರೀಬಹುದು, ಇಪ್ಪತ್ತೈದು ವರ್ಷ ಆದ್ರೆ?

ಇದಕ್ಕೆ ಉತ್ತರವಾಗಿ ಏಜೆಂಟ್‌ಗಳು ಫಾರ್ಮ್ ಕ್ರೆಡಿಟ್ ಕೆನಡಾ ಅನ್ನೋ ಸರ್ಕಾರಿ ಕೃಷಿ ಸಾಲ ಸಂಸ್ಥೆಯ ವರದಿ ತೋರಿಸ್ತಾರೆ, ಸಾಸ್ಕಾಚವಾನ್‌ನಲ್ಲಿ ಹೊಲದ ಬೆಲೆ 2023ರಲ್ಲಿ 15.7 ಪರ್ಸೆಂಟ್, 2024ರಲ್ಲಿ 13.1 ಪರ್ಸೆಂಟ್ ಏರಿದೆ ನೋಡಿ ಅಂತ. ಅಂಕಿ ಸರಿಯಾಗೇ ಇದೆ. ಆದ್ರೆ ಅದು ಇಡೀ ಪ್ರಾಂತ್ಯದ ಹೊಲಗಳ ಲೆಕ್ಕ, ರೈತರು ರೈತರ ಜೊತೆ ಪೈಪೋಟಿ ಮಾಡಿ ಏರಿಸಿದ್ದು. ಆ ಏರಿಕೆ ಬೇಕು ಅಂದ್ರೆ ಸಿಟಿಯಿಂದ ನೂರು ಕಿ.ಮೀ. ದೂರ, ಎಕರೆಗೆ ಅರ್ಧ ಬೆಲೆಗೆ, ಇನ್ನೂ ಒಳ್ಳೇ ಮಣ್ಣಲ್ಲೂ ಸಿಗತ್ತೆ. ಹಾಗೇ ಆ ಏರಿಕೆ ನಿಂತಿರೋದು ಬೆಳೆ ಬೆಲೆ ಮೇಲೆ, ಬೆಳೆ ಬೆಲೆ ನಿಂತಿರೋದು ಬೀಜಿಂಗ್ ಮತ್ತೆ ದೆಹಲಿ ಮೇಲೆ. 2017ರ ನವೆಂಬರ್‌ನಲ್ಲಿ ನಮ್ಮ ಭಾರತ ಸರ್ಕಾರ ಬಟಾಣಿ ಆಮದಿಗೆ 50 ಪರ್ಸೆಂಟ್ ಸುಂಕ ಹಾಕ್ತು, ಮುಂದಿನ ತಿಂಗಳು ಮಸೂರ್‌ಗೂ ಕಡಲೆಗೂ 30 ಪರ್ಸೆಂಟ್. ಆವಾಗ ಇಲ್ಲಿನ ಕಾಫಿ ಅಂಗಡೀಲಿ ರೈತರು ನನ್ನ ಮುಖ ನೋಡಿ ನಿಮ್ಮೋರು ಹೀಗ್ಯಾಕೆ ಮಾಡಿದ್ರು ಅಂತ ಕೇಳೋರು, ನಾನೇ ಹಣಕಾಸು ಮಂತ್ರಿ ಅನ್ನೋ ಥರ. ನೀವು ಊರಲ್ಲಿ ತಿನ್ನೋ ಚನ್ನಂಗಿ ಬೇಳೆ ಎಷ್ಟೋ ಸಲ ಈ ಮಣ್ಣಲ್ಲೇ ಬೆಳೆದಿರೋದು. 2025ರಲ್ಲಿ ಚೀನಾ ಕನೋಲಾ ಅನ್ನೋ ಎಣ್ಣೆಬೀಜದ ಮೇಲೆ ಸುಂಕ ಹಾಕಿದಾಗಲೂ ಇದೇ ಗೋಳು. ನಿಮ್ಮ ಗುತ್ತಿಗೆದಾರ 90 ಡಾಲರ್ ಕೊಡೋದು ಇಂಥ ಬೆಳೆಗಳಿಂದಾನೇ, ಅದನ್ನ ಮರೀಬೇಡಿ.

ಇನ್ನು ಸಿಟಿ ಯಾವ ಕಡೆ ಬೆಳೀಬೇಕು ಅನ್ನೋದು. ಇದೇನು ಗುಟ್ಟಲ್ಲ, ಎಲ್ಲರೂ ನೋಡಬಹುದಾದ ಮ್ಯಾಪ್‌ನಲ್ಲಿದೆ. ಸಾಸ್ಕಟೂನ್, ವಾರ್ಮನ್, ಮಾರ್ಟೆನ್ಸ್‌ವಿಲ್, ಓಸ್ಲರ್ ಮತ್ತೆ ಸುತ್ತಲಿನ ಕಾರ್ಮನ್ ಪಾರ್ಕ್ ಅನ್ನೋ ಗ್ರಾಮೀಣ ಮುನಿಸಿಪಾಲಿಟಿ, ಇಲ್ಲಿನೋರು ಆರ್‌ಎಂ ಅಂತಾರೆ, ಇವು ಐದೂ ಸೇರಿ ಪಿ-ಫೋರ್-ಜಿ ಅಂತ ಒಂದು ಯೋಜನೆ ಮಾಡ್ಕೊಂಡಿವೆ. ಆ ಭಾಗದ ಜನಸಂಖ್ಯೆ ಹತ್ತು ಲಕ್ಷ ಮುಟ್ಟಿದ್ರೂ ಮನೆ ಎಲ್ಲಿ, ಕಾರ್ಖಾನೆ ಎಲ್ಲಿ, ಹೊಲ ಹೊಲವಾಗೇ ಉಳಿಯೋದು ಎಲ್ಲಿ ಅಂತ ಬಣ್ಣ ಹಚ್ಚಿ ಇಟ್ಟಿದ್ದಾರೆ. ನಿಮ್ಮ ಕ್ವಾರ್ಟರ್ ಇಲ್ಲಿನ ಸರ್ವೇ ಲೆಕ್ಕದಲ್ಲಿ ಟೌನ್‌ಶಿಪ್ 39, ರೇಂಜ್ 6ರಲ್ಲಿ ಬೀಳಬಹುದು ಅನ್ಸತ್ತೆ, ನಮ್ಮ ಸರ್ವೇ ನಂಬರ್ ಥರದ ಲೀಗಲ್ ಡಿಸ್ಕ್ರಿಪ್ಷನ್ ತಗೊಂಡು ಆರ್‌ಎಂ ಆಫೀಸಿಗೆ ಹೋಗಿ, ಕೌಂಟರಲ್ಲಿ ಕೇಳಿದ್ರೆ ಅದು ಯಾವ ಬಣ್ಣದಲ್ಲಿದೆ ಅಂತ ತೋರಿಸ್ತಾರೆ. ಬರೀ ಕೃಷಿ ಅಂತಿದ್ರೆ ಆ ನಾಲ್ಕು ಲಕ್ಷದ ತೊಂಬತ್ತೆರಡು ಸಾವಿರ ಯಾವುದಕ್ಕೆ ಕೊಡ್ತಿದ್ದೀರ ಅಂತ ಏಜೆಂಟ್‌ನೇ ಕೇಳಿ.

ತಮಾಷೆ ಏನಂದ್ರೆ ಮುಂದಿನ ಸಿಟಿ ಜಾಗ ಅಂತ ಬಣ್ಣ ಹಚ್ಚಿದ್ರೂ ಖುಷಿ ಪಡೋ ಹಾಗಿಲ್ಲ. ಅಂಥ ಕಡೆ ಮುಂದೆ ರೋಡು, ಪೈಪ್ ಹಾಕೋಕೆ ತೊಂದ್ರೆ ಆಗಬಾರ್ದು ಅಂತ ಈಗ ಸಣ್ಣ ಸಣ್ಣ ತುಂಡು ಮಾಡಿ ಮಾರೋಕೆ ಬಿಡಲ್ಲ. ಊರಿನ ಥರ ಡಿಸಿ ಕನ್ವರ್ಷನ್ ಮಾಡಿಸಿ, ಕಲ್ಲು ನೆಟ್ಟು, 30-40 ಸೈಟ್ ಹಂಚೋ ಆಟ ಇಲ್ಲಿಲ್ಲ. ನೀರು, ಚರಂಡಿ ಪೈಪ್ ಬಂದು ಮುಟ್ಟೋವರೆಗೂ ಅದು ಗೋಧಿ ಹೊಲವೇ. ಮುಟ್ಟಿದಾಗ ಕೊಳ್ಳೋರು ಯಾರು ಅಂದ್ರೆ ಬೆರಳೆಣಿಕೆಯ ದೊಡ್ಡ ಡೆವಲಪರ್‌ಗಳು, ಜೊತೆಗೆ ಸಾಸ್ಕಟೂನ್ ಲ್ಯಾಂಡ್ ಅಂತ ಸಿಟಿಯದ್ದೇ ಒಂದು ವಿಭಾಗ. ಹೌದು, ಇಲ್ಲಿ ಸಿಟಿನೇ ಜಮೀನು ತಗೊಂಡು ಬಡಾವಣೆ ಮಾಡಿ ಸೈಟ್ ಮಾರತ್ತೆ, ಮುಂದಿನ ದಶಕಗಳಿಗೆ ಬೇಕಾದ ನೆಲಾನ ಮುಂಚೇನೇ ಕೊಂಡಿಟ್ಕೊಳತ್ತೆ. ನಿಮ್ಮ ಒಂದೇ ಒಂದು ಕ್ವಾರ್ಟರ್ ಅವರಿಗೆ ಅನಿವಾರ್ಯ ಆಗೋದು ಅದು ಅವರ ಜಾಗದ ಮಧ್ಯ ಸಿಕ್ಕಾಕೊಂಡಿದ್ರೆ ಮಾತ್ರ. ಊರಿನ ಉತ್ತರ ಮತ್ತೆ ಪೂರ್ವಕ್ಕೆ ಸುಮಾರು 55 ಕಿ.ಮೀ. ಫ್ರೀವೇ ಬರತ್ತೆ ಅನ್ನೋ ಮಾತನ್ನೂ ಏಜೆಂಟ್ ಎತ್ತಿರ್ತಾನೆ. ಪ್ರಾಂತ್ಯ ಸರ್ಕಾರ ಅದರ ಪ್ಲಾನಿಂಗ್ ಮಾಡಿರೋದು ನಿಜ, ಆದ್ರೆ ಫ್ರೀವೇ ಅಂದ್ರೆ ಎಲ್ಲೆಂದ್ರಲ್ಲಿ ಇಳಿಯೋ ರೋಡಲ್ಲ, ಇಂಟರ್‌ಚೇಂಜ್ ಇದ್ದ ಕಡೆ ಮಾತ್ರ ಬೆಲೆ.

ಇನ್ನು ಅಪ್ಪನ ದುಡ್ಡು ಮತ್ತೆ ಭಾವಮೈದ. ಇಲ್ಲಿ ನೀವು ಎಡವಿದ್ರೆ ನಷ್ಟ ಅಲ್ಲ, ಕಾನೂನಿನ ತಕರಾರೇ ಆಗತ್ತೆ, ಹಾಗಾಗಿ ನಿಧಾನವಾಗಿ ಓದಿ. ಸಾಸ್ಕಾಚವಾನ್‌ನ ಫಾರ್ಮ್ ಸೆಕ್ಯುರಿಟಿ ಕಾಯ್ದೆ ಪ್ರಕಾರ ಕೆನಡಾದೋರಲ್ಲದೋರು 10 ಎಕರೆಗಿಂತ ಹೆಚ್ಚು ಹೊಲ ಇಟ್ಕೊಳ್ಳೋ ಹಾಗಿಲ್ಲ. ಪಕ್ಕದ ಆಲ್ಬರ್ಟಾದಲ್ಲಿ ಇದೇ ಮಿತಿ ಎರಡು ತುಂಡು ಸೇರಿ 20 ಎಕರೆ, ಮ್ಯಾನಿಟೋಬಾದಲ್ಲಿ 40. ನಮ್ಮ ಕರ್ನಾಟಕದಲ್ಲಿ 2020ರವರೆಗೂ ಕೃಷಿಕರಲ್ಲದೋರು ಹೊಲ ಕೊಳ್ಳೋ ಹಾಗಿರಲಿಲ್ಲವಲ್ಲ, 79ಎ, 79ಬಿ ಅಂತ, ಇಲ್ಲಿ ನೀನು ರೈತನಾ ಅಂತ ಯಾರೂ ಕೇಳಲ್ಲ, ನೀನು ಇಲ್ಲಿಯೋನಾ ಅಂತ ಕೇಳ್ತಾರೆ. ಪಿಆರ್ ಇರೋ ನಿಮಗೆ ತೊಂದ್ರೆ ಇಲ್ಲ. ವರ್ಕ್ ಪರ್ಮಿಟ್‌ನಲ್ಲಿರೋ ಭಾವಮೈದನ ಹೆಸರು ಟೈಟಲ್‌ಗೆ ಸೇರಿಸೋ ಮುಂಚೆ ಫಾರ್ಮ್ ಲ್ಯಾಂಡ್ ಸೆಕ್ಯುರಿಟಿ ಬೋರ್ಡ್‌ಗೆ ಬರೆದು ಕೇಳಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಹೆಸರು ನಿಮ್ಮದು, ಒಳಗೊಳಗೆ ಅರ್ಧ ಪಾಲು ಅವನದ್ದು, ಮನೆ ಮಾತು ಸಾಕು ಅಂತ ಅತ್ತೆ ಹೇಳ್ತಾರೆ, ಅದನ್ನ ಮಾತ್ರ ಮಾಡಬೇಡಿ.

ದುಡ್ಡಿನ ವಿಷಯ ಇನ್ನೂ ಸೂಕ್ಷ್ಮ. ಹೊಲ ಕೊಳ್ಳೋಕೆ ಮಾಡೋ ಸಾಲ ಕೆನಡಾದಲ್ಲಿ ವ್ಯವಹಾರಕ್ಕೆ ನೋಂದಣಿ ಆಗಿರೋ ಹಣಕಾಸು ಸಂಸ್ಥೆಯಿಂದ ಬರಬೇಕು, ಇಲ್ಲಾಂದ್ರೆ ಕೆನಡಾ ನಿವಾಸಿಯಿಂದ. ದಾವಣಗೆರೆಯಿಂದ ಅಪ್ಪ ಸಾಲ ಅಂತ ಕಳಿಸಿದ್ರೆ, ಮುಂದೆ ಮಾರಿದಾಗ ಲಾಭದಲ್ಲಿ ಪಾಲು ಕೊಡು ಅಂದ್ರೆ, ಅದು ಹೊರದೇಶದೋರು ಹಿಂಬಾಗಿಲಿಂದ ಹೊಲ ಕೊಂಡ ಹಾಗೆ. ನಿಜವಾಗಲೂ ವಾಪಸ್ ಕೇಳದ ಉಡುಗೊರೆ ಆದ್ರೆ ಬೇರೆ ಮಾತು, ಅದಕ್ಕೂ ಗಿಫ್ಟ್ ಪತ್ರ ಮಾಡಿಸಿ ಲಾಯರ್‌ಗೆ ಮೊದಲೇ ತೋರಿಸಿ. ಬೋರ್ಡ್ ಬೇಕು ಅಂದಾಗ ದುಡ್ಡು ಎಲ್ಲಿಂದ ಬಂತು ಅಂತ ಪ್ರಮಾಣ ಪತ್ರ ಕೇಳಬಹುದು. ಭಾರತದಿಂದ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಮಾತ್ರ ಕಳಿಸಬಹುದು ಅನ್ನೋ ರಿಸರ್ವ್ ಬ್ಯಾಂಕ್ ಮಿತಿನೂ ಇದೆ.

ತೆರಿಗೆಯಲ್ಲಿ ಎರಡು ಮಾತು. ಸಾಗುವಳಿ ಹೊಲದ ಮಾರಾಟಕ್ಕೆ ಎಷ್ಟೋ ಸಲ ಜಿಎಸ್‌ಟಿ 5 ಪರ್ಸೆಂಟ್ ಬೀಳತ್ತೆ, 9,60,000ಕ್ಕೆ ಅದೇ 48,000. ನೀವು ಜಿಎಸ್‌ಟಿಗೆ ನೋಂದಣಿ ಮಾಡಿಸ್ಕೊಂಡಿದ್ರೆ ಅದನ್ನ ಸರಿದೂಗಿಸ್ಕೊಳ್ಳೋ ದಾರಿ ಇದೆ, ಸಹಿ ಹಾಕೋ ಮುಂಚೆ ಅಕೌಂಟೆಂಟ್ ಹತ್ರ ಹೋಗಿ, ಹಾಕಿದ್ಮೇಲೆ ಅಲ್ಲ. ಎರಡನೇದು, ರೈತರು ತಮ್ಮ ಹೊಲ ಮಾರಿದ್ರೆ ಬರೋ ಲಾಭದಲ್ಲಿ 12.5 ಲಕ್ಷ ಡಾಲರ್‌ವರೆಗೆ ತೆರಿಗೆ ವಿನಾಯ್ತಿ ಇದೆ, ಗುತ್ತಿಗೆಗೆ ಕೊಟ್ಟು ಆಫೀಸಲ್ಲಿ ಕೂತಿರೋ ನಿಮಗೆ ಅದು ಸಿಗೋದು ಕಷ್ಟ. ಅದರ ಮೇಲೆ, ಸಿಟಿ ಬಂದಾಗ ಮಾರೋಣ ಅನ್ನೋ ಉದ್ದೇಶಕ್ಕೇ ತಗೊಂಡಿದ್ದು ಅಂತ ತೆರಿಗೆ ಇಲಾಖೆಗೆ ಅನ್ನಿಸಿದ್ರೆ ಲಾಭದ ಅರ್ಧಕ್ಕೆ ಬದಲು ಪೂರ್ತಿಗೆ ತೆರಿಗೆ ಹಾಕಬಹುದು. ನಿಮ್ಮ ಈ ಪ್ರಶ್ನೆನೇ ಅವರಿಗೆ ಸಾಕ್ಷಿ ಆಗಬಹುದು ನೋಡಿ, ನಗಬೇಡಿ.

ಮಣ್ಣಿನ ವಿಷಯ ನನಗೆ ಇಷ್ಟದ್ದು, ಅದಕ್ಕೇ ಕೊನೆಗಿಟ್ಕೊಂಡೆ. ಏಜೆಂಟ್ ನಿಮಗೆ ಹೊಲ ತೋರಿಸಿದ್ದು ಯಾವಾಗ? ಜನವರಿಯಲ್ಲಿ ಆದ್ರೆ ನೀವು ನೋಡಿದ್ದು ಹಿಮ. ಜುಲೈನಲ್ಲಿ ಆದ್ರೆ ನೋಡಿದ್ದು ಹಳದಿ ಕನೋಲಾ, ಪೈರು ಎದೆಮಟ್ಟ ನಿಂತಾಗ ಎಲ್ಲಾ ಹೊಲವೂ ಚಂದವೇ. ನಾನು ಒಂದು ಸಲ, ಬಂದ ಹೊಸದರಲ್ಲಿ, ಜುಲೈನಲ್ಲಿ ನೋಡಿ ಒಂದು ಕ್ವಾರ್ಟರ್‌ಗೆ 145 ಎಕರೆ ಸಾಗುವಳಿ ಅಂತ ಬರೆದುಕೊಟ್ಟಿದ್ದೆ. ಮುಂದಿನ ಏಪ್ರಿಲ್ ಕೊನೇಲಿ ಅದೇ ದಾರೀಲಿ ಹೋಗ್ತಾ ನೋಡಿದ್ರೆ ಹೊಲದ ತುಂಬ ತಟ್ಟೆ ತಟ್ಟೆ ನೀರು, ಬಾತುಕೋಳಿ ಈಜ್ತಿವೆ, ನಡುವೆ ಹಳೇ ಕೂಳೆ ಮಾತ್ರ ತಲೆ ಎತ್ತಿದೆ. ರೋಡ್ ಪಕ್ಕ ಗಾಡಿ ನಿಲ್ಲಿಸಿ ಎಣಿಸಿದೆ, ಹನ್ನೊಂದು ಗುಂಡಿ. ಇಲ್ಲಿನೋರು ಇದಕ್ಕೆ ಸ್ಲೂ ಅಂತಾರೆ. ಒಣ ವರ್ಷದಲ್ಲಿ ಅದರ ಮೇಲೇ ಬಿತ್ತಬಹುದು, ತೇವದ ವರ್ಷ ಬಿತ್ತನೆ ಯಂತ್ರ ಅದನ್ನೆಲ್ಲ ಬಳಸ್ಕೊಂಡು ಹೋಗಬೇಕು, 60 ಅಡಿ ಅಗಲದ ಯಂತ್ರ ತಿರುಗಿಸೋದು ಅಂದ್ರೆ ಡೀಸೆಲ್, ಬೀಜ, ಗೊಬ್ಬರ ಎಲ್ಲಾ ಡಬಲ್. ಸ್ಲೂ ಒಡೆದು ನೀರು ಬಿಟ್ಕೊಳ್ಳೋಣ ಅಂದ್ರೆ ವಾಟರ್ ಸೆಕ್ಯುರಿಟಿ ಏಜೆನ್ಸಿ ಒಪ್ಪಿಗೆ ಬೇಕು, ಹಿಂದಿನೋರು ಒಪ್ಪಿಗೆ ಇಲ್ದೆ ಒಡೆದಿದ್ರೆ ಆ ತಲೆನೋವು ಹೊಲದ ಜೊತೆ ನಿಮಗೆ ಬರತ್ತೆ.

ಗುಂಡಿ ಅಂಚಲ್ಲಿ ಬಿಳಿ ಉಪ್ಪಿನ ಪೊರೆ ಕಾಣಿಸಿದ್ರೆ ಅದು ನಮ್ಮ ಕಡೆ ಸವಳು ಅಂತೀವಲ್ಲ, ಅದೇ. ಅಲ್ಲಿ ನರಿಬಾಲದ ಥರ ಮೆತ್ತಗೆ ಬಾಗಿದ, ರೇಷ್ಮೆ ಹಾಗೆ ಹೊಳೆಯೋ ಹುಲ್ಲು ಬೆಳೆದಿರತ್ತೆ, ನೋಡೋಕೆ ಎಷ್ಟು ಚಂದ ಅಂದ್ರೆ ಸಿಟಿಯೋರು ಫೋಟೋ ತೆಗೀತಾರೆ. ಆ ಹುಲ್ಲು ಎಷ್ಟು ಅಗಲ ಹಬ್ಬಿದೆಯೋ ಅಷ್ಟು ಎಕರೆ ನಿಮ್ಮ ಲೆಕ್ಕದಿಂದ ಕಳೀರಿ. ಮಣ್ಣು ಒಂದು ಹಿಡಿ ತಗೊಂಡು ನೀರು ಚಿಮುಕಿಸಿ ಬೆರಳಲ್ಲಿ ಹೊಸೆದು ನೋಡಿ. ರಿಜೈನಾ ಸುತ್ತ ಆದ್ರೆ ನಮ್ಮ ಎರೆ ಮಣ್ಣಿನ ಹಾಗೆ ಉದ್ದಕ್ಕೆ ರಿಬ್ಬನ್ ಬರತ್ತೆ, ಸಾಸ್ಕಟೂನ್ ಸುತ್ತ ಒಂದು ಮೈಲಿಗೊಂದು ಥರ, ಒಂದು ಕಡೆ ಕಪ್ಪು ಗೋಡು, ಪಕ್ಕದಲ್ಲೇ ಮರಳು. ಮಳೆ, ಹಿಮ ಎಲ್ಲಾ ಸೇರಿ ವರ್ಷಕ್ಕೆ ಸುಮಾರು 350 ಮಿ.ಮೀ. ಬೀಳೋ ಜಾಗದಲ್ಲಿ ಮರಳು ಹೊಲ ಅಂದ್ರೆ ಗುತ್ತಿಗೆದಾರ ಮೂರು ವರ್ಷಕ್ಕೆ ಓಡಿಹೋಗ್ತಾನೆ. ಹಿಂದಿನ ಹತ್ತು ವರ್ಷ ಏನೇನು ಬೆಳೆದಿದ್ದಾರೆ ಅಂತ ಪಟ್ಟಿ ಕೇಳಿ. ಬಟಾಣಿ, ಮಸೂರ್ ಮೇಲಿಂದ ಮೇಲೆ ಹಾಕಿದ್ರೆ ಬೇರು ಕೊಳೆ ರೋಗ ಮಣ್ಣಲ್ಲಿ ಕೂತಿರತ್ತೆ, ಆಮೇಲೆ ಆರರಿಂದ ಎಂಟು ವರ್ಷ ಆ ಬೆಳೆ ಮುಟ್ಟೋ ಹಾಗಿಲ್ಲ.

ಟೈಟಲ್ ಬಗ್ಗೆ ನೀವು ಪಹಣಿ, ಮ್ಯುಟೇಷನ್, ಮೂವತ್ತು ವರ್ಷದ ಇಸಿ ಅಂತ ಗಾಬರಿ ಆಗೋದು ಬೇಡ, ಇಲ್ಲಿ ಐಎಸ್‌ಸಿ ಅನ್ನೋ ನೋಂದಣಿ ಸಂಸ್ಥೆಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ನೋಡಬೇಕಾದ್ದು ಅದೇ ದಾಖಲೆಯಲ್ಲಿ ಮೇಲೆ ಹತ್ತಿಕೊಂಡಿರೋ ಹಕ್ಕುಗಳು, ಪೈಪ್‌ಲೈನ್, ಕರೆಂಟ್ ಲೈನ್, ಯಾರದ್ದೋ ಅಡಮಾನ. ಮತ್ತೆ ಕೆಳಗಿನ ಖನಿಜ ಬೇರೆಯೋರದ್ದು, ಹೆಚ್ಚಿನ ಕಡೆ ಸರ್ಕಾರದ್ದು. ನೀವು ಕೊಳ್ತಿರೋದು ಮೇಲಿನ ಮಣ್ಣು ಮಾತ್ರ, ಕೆಳಗೆ ಪೊಟ್ಯಾಷ್ ಸಿಕ್ಕಿದ್ರೂ ನಿಮಗೆ ಒಂದು ಚಮಚವೂ ಇಲ್ಲ.

ನನ್ನನ್ನ ಕೇಳಿದ್ರೆ ಈ ಬೆಲೆಗೆ ಬೇಡ. ಐದು ಲಕ್ಷದ ಆಸುಪಾಸಿಗೆ ಇಳಿದ್ರೆ, ಭಾವಮೈದನ ಪಾಲು ಬಿಟ್ಟು ನಿಮ್ಮೊಬ್ಬರ ಕೈಯಲ್ಲಿ ಆಗತ್ತೆ ಅಂದ್ರೆ, ಮಾತಾಡಬಹುದು. ಅವರು ಇಳಿಯಲ್ಲ, ಯಾಕಂದ್ರೆ ನಿಮ್ಮ ಹಾಗೆ ಇನ್ನೂ ನಾಲ್ಕು ಜನಕ್ಕೆ ಇದನ್ನೇ ತೋರಿಸಿರ್ತಾರೆ. ಹೊಲ ಬೇಕೇ ಬೇಕು ಅನ್ನೋ ಆಸೆ ನಿಜವಾದ್ದಾದ್ರೆ ಚಳಿಗಾಲದಲ್ಲಿ ಟೆಂಡರ್‌ನಲ್ಲಿ ಬರೋ ದೂರದ ಕ್ವಾರ್ಟರ್‌ಗಳನ್ನ ನೋಡ್ತಾ ಇರಿ, ಲಕೋಟೆಯಲ್ಲಿ ಬೆಲೆ ಬರೆದು ಲಾಯರ್ ಆಫೀಸಿಗೆ ಕೊಡೋದು, ಹೆಚ್ಚು ಬರೆದೋರಿಗೇ ಕೊಡ್ತೀವಿ ಅಂತೇನೂ ಇಲ್ಲ ಅನ್ನೋ ಸಾಲು ಪ್ರತಿ ಟೆಂಡರ್ ಕೆಳಗೂ ಇರತ್ತೆ. ಈ ಹೊಲದ್ದೇ ಯೋಚನೆ ಬಿಡ್ತಿಲ್ಲ ಅಂದ್ರೆ ಅಡ್ವಾನ್ಸ್ ಕೊಡದೆ ಏಪ್ರಿಲ್ ಕೊನೇವರೆಗೆ ತಡೀರಿ, ಹಿಮ ಕರಗಿದ ಮಾರನೇ ವಾರ ಗಂಬೂಟು ಹಾಕ್ಕೊಂಡು ಹೋಗಿ ಬಾತುಕೋಳಿ ಎಷ್ಟಿವೆ ಎಣಿಸಿ ಬರೀರಿ.